ಜಯಮಂಗಲಿಯ ಸೀಮೆಯಲ್ಲಿ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ, ಬೋಳುಬಂಡೆಯ ಬೆಟ್ಟಗಳ ನಡುವೆ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಎಂಬ ನಾಲ್ಕು ತಾಲ್ಲೂಕುಗಳು ಹರಡಿಕೊಂಡಿರುವ ಸೀಮೆಯನ್ನು ಹಾದು ಊರಿಗೆ ಹಿಂದಿರುಗಿ ಬಹುಕಾಲವಾಗಿದ್ದರೂ, ಆ ಪ್ರವಾಸವು ಮುಗಿದ ಕಾರ್ಯವೆಂಬ ಭಾವನೆ ನನ್ನಲ್ಲಿ ಇನ್ನೂ ಮೂಡಿಲ್ಲ. ನೋಡಿದ ಕೋಟೆ, ಉಂಡ ಊಟ, ಏರಿದ ಬಂಡೆ ಇವೆಲ್ಲವೂ ನೆನಪಿನಲ್ಲಿ ತಮ್ಮ ತಮ್ಮ ಸ್ಥಾನವನ್ನು ಹಿಡಿದು ಕುಳಿತಿವೆ. ಒಂದು ಪ್ರಶ್ನೆ ಮಾತ್ರ ಎಲ್ಲಿಯೂ ನೆಲೆಗೊಳ್ಳದೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಬರುತ್ತಿದೆ. ಒಬ್ಬ ಮನುಷ್ಯನು ತನ್ನ ಆಯುಷ್ಯದ ಮೂರು ನಾಲ್ಕು ದಶಕಗಳನ್ನು ಒಂದು ಗ್ರಾಮೀಣ ಸೀಮೆಯ ಪ್ರತಿನಿಧಿಯಾಗಿ ಶಾಸನಸಭೆಯಲ್ಲಿ ಕಳೆದರೆ, ಆ ಸೀಮೆಯ ನೆಲದ ಮೇಲೆ ಅದರ ಗುರುತು ಎಲ್ಲಿ ಉಳಿಯುತ್ತದೆ, ಯಾರ ಬಾಯಲ್ಲಿ ಉಳಿಯುತ್ತದೆ?

ನಾನು ಸಕಲೇಶಪುರದ ಕಡೆಯವನು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮನೆಗಳ ಗೋಡೆ ಒಣಗುವುದಿಲ್ಲ. ಹೇಮಾವತಿಯು ಕೆಂಪಾಗಿ ತುಂಬಿ ಪೇಟೆಯ ಮಗ್ಗುಲಲ್ಲಿ ಹರಿಯುವುದನ್ನು ಸೇತುವೆಯ ಮೇಲೆ ಕೊಡೆ ಹಿಡಿದು ನಿಂತು ನೋಡುವುದು ಬಾಲ್ಯದ ಸಂತೋಷಗಳಲ್ಲೊಂದಾಗಿತ್ತು. ಆ ನೀರು ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ನಾಲೆಯ ಮೂಲಕ ತುಮಕೂರಿನ ಕಡೆಗೂ ಹೋಗುತ್ತದೆಂಬುದನ್ನು ನಾವು ಶಾಲೆಯ ಪಾಠವಾಗಿ ತಿಳಿದಿದ್ದೆವೇ ಹೊರತು, ನಾಲೆಯ ಕೊನೆಯಲ್ಲಿ ಯಾರು ಕಾದು ನಿಂತಿದ್ದಾರೆಂದು ಎಂದೂ ಯೋಚಿಸಿದವರಲ್ಲ. 2014ರಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಗಿ, ಘಟ್ಟದ ಹಳ್ಳಗಳಿಂದ ವರ್ಷಕ್ಕೆ 24 ಟಿಎಂಸಿ ನೀರನ್ನು ಮೇಲಕ್ಕೆತ್ತಿ ಬಯಲುಸೀಮೆಗೆ ಸಾಗಿಸುವುದಕ್ಕಾಗಿ ನಮ್ಮ ಕಾಡಿನ ಮರಗಳು ಉರುಳತೊಡಗಿದಾಗ, ನಮ್ಮಲ್ಲಿ ಎದ್ದ ದುಃಖವು ನಿಜವಾದುದು; ಅದನ್ನು ನಾನು ಇಂದಿಗೂ ಕಡಿಮೆ ಮಾಡಿ ಹೇಳಲಾರೆನು. ಆದರೆ ಯಾರಿಗಾಗಿ ಇಷ್ಟೆಲ್ಲ ಎಂಬುದನ್ನು ಕಣ್ಣಿನಿಂದ ನೋಡದೆ ದುಃಖಿಸುವುದು ಅರ್ಧ ದುಃಖವೆಂದು ತೋರಿತು. ನಮ್ಮ ಹೊಳೆಯ ಹೆಸರನ್ನು ಹಿಡಿದು ಚುನಾವಣೆಗಳು ನಡೆಯುವ ಊರುಗಳನ್ನು ನೋಡಬೇಕೆಂದು ಹೊರಟೆನು.

ತುಮಕೂರನ್ನು ಬಿಟ್ಟು ಕೊರಟಗೆರೆಯ ದಾರಿ ಹಿಡಿದರೆ ದೇವರಾಯನದುರ್ಗದ ಬೆಟ್ಟಸಾಲು ಸ್ವಲ್ಪ ದೂರ ಜೊತೆಗೆ ಬರುತ್ತದೆ. ಅಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ನದಿ. ನದಿಯೆಂದು ಭೂಪಟದಲ್ಲಿ ನೀಲಿ ಗೆರೆಯೇನೋ ಇದೆ. ನಾನು ದಾಟಿದಾಗ ಅದರ ಪಾತ್ರದಲ್ಲಿ ನೀರಿರಲಿಲ್ಲ, ನೀರನ್ನು ಹಿಡಿದಿಡಬೇಕಾಗಿದ್ದ ಮರಳೂ ಹೆಚ್ಚಿಗೆ ಇರಲಿಲ್ಲ. ಜಾಲಿಯ ಗಿಡಗಳು ನಡುಹೊಳೆಯಲ್ಲಿಯೇ ಆಳೆತ್ತರಕ್ಕೆ ಬೆಳೆದಿದ್ದುವು. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರ ಬಸ್ಸುಗಳು ಸಾಲಾಗಿ ನಿಂತಿದ್ದ ದಾರಿಯಲ್ಲಿ, ತೀತಾ ಜಲಾಶಯದ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತು, ಕೊರಟಗೆರೆಯ ಪೇಟೆಯ ಒಂದು ಊಟದ ಹೋಟೆಲಿಗೆ ಹೋದೆನು.

ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ, ಒಂದು ಹಸಿ ಈರುಳ್ಳಿ. ಅಕ್ಕಿರೊಟ್ಟಿ, ಕಡುಬುಗಳಲ್ಲಿ ಬೆಳೆದ ನನ್ನ ಕೈ ಮುದ್ದೆಯನ್ನು ಮುರಿಯುವ ರೀತಿಯನ್ನು ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು ಕರುಣೆಯಿಂದ ನೋಡಿ, ತಮ್ಮ ತಟ್ಟೆಯಲ್ಲಿ ಮಾಡಿ ತೋರಿಸಿದರು: ಬೆರಳ ತುದಿಯಿಂದ ಒಂದು ತುತ್ತನ್ನು ಕಿತ್ತು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು. ಮಾತು ಮಳೆಗೆ, ಮಳೆಯಿಂದ ಕೆರೆಗೆ, ಕೆರೆಯಿಂದ ಸಹಜವಾಗಿ ಶಾಸಕರಿಗೆ ಬಂದಿತು. ಶಾಸಕರ ಕೆಲಸ ಯಾವುದೆಂದು ಕೇಳಿದೆನು.

"ನಮ್ಮಣ್ಣ ತೀರ್ಕಂಡಾಗ ಆಗಿನ ಎಮ್ಮೆಲ್ಲೆ ಬಂದಿದ್ರು ಸ್ವಾಮಿ. ಚಾಪೆ ಮ್ಯಾಲೆ ಕುಂತ್ಕಂಡ್ರು. ಅದು ನೆಪ್ಪೈತೆ. ಕೆರೆ ತುಂಬ್ಸೋದು ಒಬ್ಬರ ಕೈಲಿ ಆಗೋ ಕೆಲ್ಸ ಅಲ್ಲ ಬಿಡಿ" ಎಂದು ಹೇಳಿ ಮಜ್ಜಿಗೆಯ ಲೋಟವನ್ನು ಎತ್ತಿದರು.

ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆ ಶಾಸಕರ ಹೆಸರು, ಪಕ್ಷ, ಅಧಿಕಾರಾವಧಿ ಒಂದನ್ನೂ ಅವರು ಹೇಳಲಿಲ್ಲ, ಚಾಪೆಯನ್ನು ಹೇಳಿದರು. ಸಾವಿನ ಮನೆಗೆ ಬರುವುದು, ಮದುವೆಯಲ್ಲಿ ಅಕ್ಷತೆ ಹಾಕುವುದು, ಆಸ್ಪತ್ರೆಗೆ ಒಂದು ಮಾತು ಹೇಳಿಸುವುದು, ಕೊಳವೆಬಾವಿಗೆ ಒಂದು ಪತ್ರ ಕೊಡುವುದು ಇವು ಯಾವ ಸಂವಿಧಾನದ ಪುಟದಲ್ಲಿಯೂ ಬರೆದಿರದ ಕರ್ತವ್ಯಗಳು. ಆದರೂ ಗ್ರಾಮೀಣ ಕ್ಷೇತ್ರದ ಪ್ರತಿನಿಧಿಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ನುಂಗುವವು ಇವೇ. ಜನರ ಕಣ್ಣಿನಲ್ಲಿ ಇವು ಕ್ಷುದ್ರವಲ್ಲ, ನನ್ನ ಕಣ್ಣಿನಲ್ಲಿಯೂ ಅಲ್ಲ. ರಾಜ್ಯವೆಂಬ ಅಗೋಚರ ವಸ್ತುವು ಬಡವನ ಅಂಗಳಕ್ಕೆ ಬಂದು ಕುಳಿತುಕೊಳ್ಳುವ ರೂಪ ಅದೊಂದೇ ಆಗಿರುವಾಗ, ಅದನ್ನು ಆತನು ಮರೆಯದಿರುವುದು ನ್ಯಾಯವೇ ಆಗಿದೆ.

ಕೊರಟಗೆರೆಯನ್ನು ಪ್ರತಿನಿಧಿಸುತ್ತಿರುವ ಡಾ. ಜಿ. ಪರಮೇಶ್ವರ ಅವರ ರಾಜಕೀಯ ಜೀವನವನ್ನು ಈ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೆನು. ಇವರ ತಂದೆ ಎಚ್. ಎಂ. ಗಂಗಾಧರಯ್ಯನವರು 1959ರಲ್ಲಿ ತುಮಕೂರಿನಲ್ಲಿ ಸಿದ್ಧಾರ್ಥ ವಿದ್ಯಾಸಂಸ್ಥೆಯನ್ನು ಕಟ್ಟಿದವರು. ಊರೊಳಗಿನ ಬಾವಿಯ ನೀರೂ ಶಾಲೆಯ ಮುಂದಿನ ಬೆಂಚೂ ಎಲ್ಲರಿಗೂ ಸಮಾನವಾಗಿ ಸಿಕ್ಕದಿದ್ದ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡ ಸಮುದಾಯದಿಂದ ಬಂದವರೊಬ್ಬರು ವಿದ್ಯಾಲಯವನ್ನು ಸ್ಥಾಪಿಸಿದುದು ಎಂತಹ ಸಾಹಸವೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮಗನು ಕೃಷಿವಿಜ್ಞಾನವನ್ನು ಓದಿ, ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಸಸ್ಯಶರೀರಕ್ರಿಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರು. ಬೇರು ನೀರನ್ನು ಹೀರುವ ಬಗೆಯನ್ನೂ ಎಲೆಯು ಅದನ್ನು ಗಾಳಿಗೆ ಬಿಡುವ ಬಗೆಯನ್ನೂ ಬಲ್ಲ ಒಬ್ಬ ವಿದ್ವಾಂಸರು 1989ರಲ್ಲಿ ಮಧುಗಿರಿಯಂತಹ ಒಣಸೀಮೆಯಿಂದ ಶಾಸನಸಭೆಗೆ ಹೋದುದು ನನಗೆ ಈ ಕಥೆಯ ಅತ್ಯಂತ ಅರ್ಥವತ್ತಾದ ಭಾಗವೆಂದು ತೋರುತ್ತದೆ. 1994ರಲ್ಲಿ ಮಧುಗಿರಿಯು ಬೇರೊಬ್ಬರನ್ನು ಆರಿಸಿತು. 1999ರಲ್ಲಿಯೂ 2004ರಲ್ಲಿಯೂ ಮತ್ತೆ ಇವರನ್ನೇ ಕಳುಹಿಸಿತು.

ಅಷ್ಟರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿಯು 2008ರ ಚುನಾವಣೆಯ ಹೊತ್ತಿಗೆ ಸಾಮಾನ್ಯ ಕ್ಷೇತ್ರವಾಗಿ, ನೆರೆಯ ಕೊರಟಗೆರೆಯು ಮೀಸಲು ಕ್ಷೇತ್ರವಾಯಿತು. ಪರಮೇಶ್ವರರು ಅರ್ಧ ಗಂಟೆಯ ದಾರಿಯಷ್ಟು ದಕ್ಷಿಣಕ್ಕೆ ಬಂದು ಕೊರಟಗೆರೆಯಲ್ಲಿ ನಿಂತು ಗೆದ್ದರು. 2013ರಲ್ಲಿ ಅವರ ಪಕ್ಷವು 122 ಸ್ಥಾನಗಳನ್ನು ಪಡೆದು ಅಧಿಕಾರಕ್ಕೆ ಬಂದಾಗ, ಆ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ಅವರನ್ನು ಇದೇ ಕೊರಟಗೆರೆಯು ಸೋಲಿಸಿತು. ಇಡೀ ರಾಜ್ಯದಲ್ಲಿ ಪ್ರಚಾರ ಮಾಡುತ್ತ ತಿರುಗಬೇಕಾದವನಿಗೆ ಚಾಪೆಯ ಮೇಲೆ ಕುಳಿತುಕೊಳ್ಳಲು ವ್ಯವಧಾನ ಸಿಕ್ಕುವುದು ಕಷ್ಟವೆಂದು, ಹೋಟೆಲಿನ ವೃದ್ಧರ ಮಾತನ್ನು ಕೇಳಿದ ಮೇಲೆ ನನಗೆ ಅನಿಸಿತು. ಅದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಮುಂದೆ ವಿಧಾನಪರಿಷತ್ತಿನ ಮೂಲಕ ಗೃಹಸಚಿವರಾಗಿ, 2018ರಲ್ಲಿ ಕೊರಟಗೆರೆಯನ್ನು ಮರಳಿ ಗೆದ್ದು ಉಪಮುಖ್ಯಮಂತ್ರಿಗಳಾಗಿ, 2023ರಲ್ಲಿ ಇನ್ನೊಮ್ಮೆ ಗೆದ್ದು ಮತ್ತೆ ಗೃಹಖಾತೆಯನ್ನು ವಹಿಸಿಕೊಂಡರು.

ಮಧುಗಿರಿಯನ್ನು ಬೆಳಗಿನ ಹೊತ್ತಿನಲ್ಲಿ ನೋಡಬೇಕು. ಊರಿನ ನೆತ್ತಿಯ ಮೇಲೆ ಒಂದೇ ಬಂಡೆ ಆಕಾಶವನ್ನು ಅರ್ಧ ಮುಚ್ಚಿಕೊಂಡು ನಿಂತಿದೆ. ಕೋಟೆಯ ಗೋಡೆಗಳು ಅದರ ಮೈಮೇಲೆ ಹಂತಹಂತವಾಗಿ ಏರಿ ಹೋಗುತ್ತವೆ. ಮೇಲಕ್ಕೆ ಹೋದಂತೆ ಮೆಟ್ಟಿಲುಗಳು ಮುಗಿದು, ಬಂಡೆಯಲ್ಲಿ ಕಾಲಿಡುವಷ್ಟೇ ಕೊರೆದ ಗುಳಿಗಳು ಉಳಿಯುತ್ತವೆ. ನನ್ನ ಗಮನವನ್ನು ಸೆಳೆದವು ಬುರುಜುಗಳಲ್ಲ, ಬಂಡೆಯ ಮಡಿಲಿನಲ್ಲಿ ಮಳೆನೀರನ್ನು ಹಿಡಿದಿಟ್ಟಿದ್ದ ದೊಣೆಗಳು. ನದಿಯನ್ನು ಎಲ್ಲಿಂದಲೋ ತರುವ ಶಕ್ತಿಯಿಲ್ಲದಿದ್ದ ಪಾಳೆಯಗಾರರು ತಮ್ಮ ತಲೆಯ ಮೇಲೆ ಬಿದ್ದ ಹನಿಯನ್ನು ಕೆಳಗೆ ಜಾರಗೊಡದಿದ್ದರು. ಮುತ್ತಿಗೆಯ ಕಾಲದಲ್ಲಿ ಆ ಹನಿಗಳೇ ಕೋಟೆಯ ಆಯುಷ್ಯ.

ಇಳಿದು ಬಂದ ಮೇಲೆ, ಪರಿಚಿತರೊಬ್ಬರ ಮೂಲಕ ನಿವೃತ್ತ ಪ್ರೌಢಶಾಲೆಯ ಮೇಷ್ಟ್ರೊಬ್ಬರ ಮನೆಗೆ ಹೋದೆನು. ಅವರು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಪಾಠ ಹೇಳಿದವರು. ಏಕೆಂದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವು ನಾಲ್ಕೂ ಸೇರಿ ಮಧುಗಿರಿಯೇ ಒಂದು ಶೈಕ್ಷಣಿಕ ಜಿಲ್ಲೆ. ಕಂದಾಯ ಜಿಲ್ಲೆಯೂ ಆಗಬೇಕೆಂಬ ಬೇಡಿಕೆ ಹಳೆಯದು. ಸಹಕಾರ ಕ್ಷೇತ್ರದಿಂದ ಬೆಳೆದು ಬಂದು 2013ರಲ್ಲಿಯೂ 2023ರಲ್ಲಿಯೂ ಮಧುಗಿರಿಯನ್ನು ಗೆದ್ದ ಕೆ. ಎನ್. ರಾಜಣ್ಣನವರು ಅದನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಮೇಷ್ಟ್ರಿಗೆ ಇದರಲ್ಲಿ ಆಸಕ್ತಿಯಿದ್ದರೂ ಆವೇಶವಿರಲಿಲ್ಲ. ಅವರ ಮನಸ್ಸು ಬೇರೆ ಕಡೆಗಿತ್ತು.

"ನೋಡಿ, ನಾನು ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದೆ. ಶಾಸನಸಭೆ ಕಾನೂನು ಮಾಡುತ್ತೆ ಅಂತ ಹಲಗೆ ಮೇಲೆ ಬರೆದೆ. ಆದರೆ ನಮ್ಮ ಪ್ರತಿನಿಧಿ ಅಲ್ಲಿ ಎದ್ದು ನಿಂತು ಏನು ಮಾತಾಡಿದರು ಅಂತ ಒಂದು ಪುಟವನ್ನೂ ಹುಡುಗರಿಗೆ ಓದಿ ಹೇಳಲಿಲ್ಲ. ಸಭೆಯ ನಡವಳಿಯ ಸಂಪುಟಗಳನ್ನ ಅಚ್ಚು ಹಾಕ್ತಾರಂತೆ. ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ."

ನಮ್ಮೂರಿನಲ್ಲಿಯೂ ನಾನು ಅಂತಹ ಸಂಪುಟವನ್ನು ಕಂಡವನಲ್ಲ. ಅಣ್ಣನ ಸಾವಿಗೆ ಬಂದ ಶಾಸಕರನ್ನು ನೆನೆದ ವೃದ್ಧರಿಗೂ ಈ ಮೇಷ್ಟ್ರಿಗೂ ನಡುವೆ ನಾನು ಊಹಿಸಿದ್ದ ಅಂತರವು ಅಷ್ಟು ದೊಡ್ಡದಾಗಿರಲಿಲ್ಲ. ಪ್ರತಿನಿಧಿಯು ಊರಿಗೆ ಬಂದಾಗಿನ ಅರ್ಧವನ್ನು ವೃದ್ಧರು ಕಂಡಿದ್ದರು. ಅವನು ಊರನ್ನು ಬಿಟ್ಟು ಹೋದ ಮೇಲಿನ ಅರ್ಧವನ್ನು ಯಾರೂ ಕಾಣರು.

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುತ್ತ ಹಸುರು ತೆಳುವಾಗುತ್ತ ಬರುತ್ತದೆ. ಮಿಡಿಗೇಶಿಯ ದುರ್ಗವು ಹಿಂದೆ ಸರಿದು, ಶೇಂಗಾದ ಹೊಲಗಳು, ಹುಣಿಸೆಮರಗಳು, ದುಂಡುಗಲ್ಲುಗಳ ಗುಡ್ಡಗಳು ಮುಂದೆ ಬರುತ್ತವೆ. ಮೂರು ಕಡೆಯಿಂದಲೂ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ ಈ ತಾಲ್ಲೂಕಿನಲ್ಲಿ ಅಂಗಡಿಯವನು ಗಿರಾಕಿಯ ಮುಖವನ್ನು ನೋಡಿ ಕನ್ನಡವೋ ತೆಲುಗೋ ಎಂದು ನಿಶ್ಚಯಿಸುತ್ತಾನೆ. ನಮ್ಮ ಘಟ್ಟದ ಮೇಲೆ ಒಂದು ಜಡಿಮಳೆಯ ವಾರದಲ್ಲಿ ಸುರಿಯುವ ನೀರು ಇಲ್ಲಿ ಇಡೀ ವರ್ಷಕ್ಕೆ ದಕ್ಕಿದರೆ ಒಳ್ಳೆಯ ವರ್ಷವೆನ್ನುತ್ತಾರೆ.

ಪೇಟೆಯ ಅಂಚಿನ ಒಂದು ಶುದ್ಧ ನೀರಿನ ಘಟಕದ ಮುಂದೆ ನಿಂತಿದ್ದೆನು. ಬಿಂದಿಗೆ, ಕ್ಯಾನುಗಳ ಸಾಲು; ನಾಣ್ಯವನ್ನು ಸಂದಿಯಲ್ಲಿ ಹಾಕಿದರೆ ಕೊಳಾಯಿಯಿಂದ ನೀರು ಬಂದು, ಲೆಕ್ಕ ತೀರಿದೊಡನೆ ತಾನೇ ನಿಲ್ಲುತ್ತಿತ್ತು. ನನ್ನ ಮುಂದಿದ್ದ ಮಧ್ಯವಯಸ್ಸಿನ ತಾಯಿ ನಕ್ಕಾಗ ಕಂಡ ಹಲ್ಲುಗಳ ಮೇಲೆ ಅಡ್ಡಲಾಗಿ ಕಂದು ಗೆರೆಗಳು. ಪಕ್ಕದ ಜಗಲಿಯ ಮೇಲೆ ಅವಳ ಅತ್ತೆ, ಮಂಡಿಯನ್ನು ಮಡಿಸಲಾಗದೆ ಎರಡು ಕಾಲನ್ನೂ ಮುಂದಕ್ಕೆ ಚಾಚಿ ಕುಳಿತಿದ್ದಳು. ಫ್ಲೋರೈಡ್ ತುಂಬಿದ ಆಳದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಶರೀರದ ಲಕ್ಷಣಗಳಿವು. "ನಮ್ ಕಾಲ ಹೋಯ್ತು ಸಾರ್, ಈ ಹುಡ್ಗಿಗೆ ಹಲ್ಲು ಬೆಳ್ಳಗೈತೆ ನೋಡಿ" ಎಂದು ಆ ತಾಯಿ ಮಗಳ ಗಲ್ಲವನ್ನು ಹಿಡಿದು ನನ್ನ ಕಡೆಗೆ ತಿರುಗಿಸಿದಳು. ಹುಡುಗಿ ನಾಚಿ ಬಾಯಿ ಮುಚ್ಚಿಕೊಂಡಿತು. ಘಟ್ಟದಲ್ಲಿ ಉರುಳಿದ ಮರಗಳ ಬುಡದಲ್ಲಿ ನಿಂತು ನಾನು ಆಡಿದ್ದ ಮಾತುಗಳು ಆ ಹೊತ್ತಿನಲ್ಲಿ ಸುಳ್ಳಾಗಲಿಲ್ಲ. ಆದರೆ ಅವುಗಳ ಎದುರಿಗೆ ಇನ್ನೊಂದು ಸತ್ಯವು ಬಂದು ನಿಂತಿತು.

ಮೊದಲು ಹೀಗಿರಲಿಲ್ಲವೆಂದು ಜಗಲಿಯ ಮುದುಕಿ ಹೇಳಿದಳು. ಹಳ್ಳದ ಬದಿಯ ತಲಪರಿಗೆಯಲ್ಲಿ ಎರಡು ಮೊಳ ತೋಡಿದರೆ ಸಿಹಿನೀರು ಜಿನುಗುತ್ತಿತ್ತಂತೆ. ಮರಳಿನ ಪದರದಲ್ಲಿ ನಿಂತ ಮಳೆನೀರು ತಾನಾಗಿ ಉಕ್ಕಿ ಸಣ್ಣ ಕಾಲುವೆಯಾಗಿ ಗದ್ದೆಗೆ ಹರಿಯುವ ಈ ತಲಪರಿಗೆಗಳು ಈ ಸೀಮೆಯ ವಿಶೇಷ ಸಂಪತ್ತಾಗಿದ್ದುವು; ಊರವರೆಲ್ಲ ಸೇರಿ ಹೂಳು ತೆಗೆಯುವುದು, ಸರದಿಯಂತೆ ನೀರು ಬಿಡುವುದು, ಕೆರೆಗೆ ನೀರುಗಂಟಿಯನ್ನು ನೇಮಿಸುವುದು, ಇವು ಯಾವ ಸಭೆಯೂ ಅಂಗೀಕರಿಸದೆ ನಡೆಯುತ್ತಿದ್ದ ಕಾನೂನುಗಳು. ಕೊಳವೆಬಾವಿಗಳು ಆಳಕ್ಕೆ ಹೋದಂತೆಲ್ಲ ತಲಪರಿಗೆಗಳು ಬತ್ತಿದುವು. ರಾಜ್ಯದ ಶಾಸನಸಭೆಯು ಅಂತರ್ಜಲದ ನಿಯಂತ್ರಣಕ್ಕೆ ಕಾಯಿದೆಯನ್ನು ಮಾಡಿದುದು 2011ರಲ್ಲಿ. ಕೆರೆಗಳ ಸಂರಕ್ಷಣಾ ಪ್ರಾಧಿಕಾರದ ಕಾಯಿದೆ ಬಂದುದು 2014ರಲ್ಲಿ. ಊರಿನ ಕಟ್ಟಳೆ ಸತ್ತುದಕ್ಕೂ ರಾಜ್ಯದ ಕಾಯಿದೆ ಹುಟ್ಟಿದುದಕ್ಕೂ ನಡುವೆ ಒಂದು ತಲೆಮಾರಿನ ಮೂಳೆಗಳು ಬಾಗಿಹೋದುವು. ದೀರ್ಘಕಾಲ ಸಭೆಯಲ್ಲಿದ್ದವರೆಲ್ಲರ ಪಾಲಿಗೂ, ಅವರು ಯಾವ ಪಕ್ಷದವರಾದರೂ ಆಗಲಿ, ಈ ವಿಳಂಬದ ಹೊಣೆ ಸೇರುತ್ತದೆಂದು ನಾನು ನಂಬುತ್ತೇನೆ.

ಪಾವಗಡದ ಉತ್ತರಕ್ಕೆ, ನಾಗಲಮಡಿಕೆ ಹೋಬಳಿಯ ತಿರುಮಣಿ ಮೊದಲಾದ ಐದು ಗ್ರಾಮಗಳಲ್ಲಿ, ಸುಮಾರು 13,000 ಎಕರೆಯ ಮೇಲೆ ಸೌರಫಲಕಗಳು ದಿಗಂತದವರೆಗೆ ಸಾಲುಗಟ್ಟಿವೆ. 2,050 ಮೆಗಾವಾಟ್ ಸಾಮರ್ಥ್ಯದ ಈ ಶಕ್ತಿಸ್ಥಳಕ್ಕೆ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಒಡೆತನ ರೈತರಲ್ಲಿಯೇ ಉಳಿಯಿತು. ಮಳೆ ಬಾರದಿರುವುದೇ ಒಂದು ಬೆಳೆಯಾಗಬಹುದೆಂದು ಕಂಡುಕೊಂಡ ಆ ಬುದ್ಧಿಯನ್ನು ಮೆಚ್ಚಿದೆನು. ಆದರೆ ಬೇಲಿಯ ಹೊರಗೆ ಕುರಿಗಳೊಡನೆ ನಿಂತಿದ್ದ ಯುವಕನು ತನಗೆ ಜಮೀನಿಲ್ಲವೆಂದೂ, ಆದ್ದರಿಂದ ಗುತ್ತಿಗೆಯ ಹಣವೂ ಇಲ್ಲವೆಂದೂ, ಮೊದಲು ಕೂಲಿ ಸಿಗುತ್ತಿದ್ದ ಹೊಲಗಳೂ ಕುರಿ ಮೇಯುತ್ತಿದ್ದ ಬೀಳುಗಳೂ ಈಗ ಒಳಗಾಗಿವೆಯೆಂದೂ ಹೇಳಿದನು. ಅವನ ಪರವಾಗಿ ಮಾತನಾಡಬೇಕಾದ ಸ್ಥಳವೂ ಅದೇ ಸಭೆ.

ಶಿರಾಕ್ಕೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಮೊಗಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿಯಾಗಿದ್ದ ಊರು. ಮಲಿಕ್ ರೆಹಾನನ ಗೋರಿಯ ಗುಮ್ಮಟದ ಮೇಲೆ ಗಿಳಿಗಳು ಕೂಗುತ್ತಿದ್ದುವು. ಮಾರನೆಯ ದಿನ ಕೆರೆಯ ಏರಿಯ ಮೇಲೆ ನಿಂತು, ಕಳ್ಳಂಬೆಳ್ಳದ ಕೆರೆಯನ್ನು ಹಾದು ಬಂದ ಹೇಮಾವತಿಯ ನೀರನ್ನು ನೋಡಿದೆನು. ನಮ್ಮ ಸೇತುವೆಯ ಕೆಳಗಿನ ಕೆಂಪು ಇದಕ್ಕಿರಲಿಲ್ಲ, ರಭಸವೂ ಇರಲಿಲ್ಲ. ಒಬ್ಬನು ಎಮ್ಮೆಯ ಮೈ ತಿಕ್ಕುತ್ತಿದ್ದನು. ಏರಿಯ ಮೇಲೆ ಹುರಿದ ಕಡಲೆಕಾಯಿ ಮಾರುತ್ತಿದ್ದವನಿಗೆ, ಇದು ನಮ್ಮೂರ ಹೊಳೆಯೆಂದೆನು. "ಬಿಡ್ಸಿದ್ದಕ್ಕೆ ಬಂತು ಅಣ್ಣ, ತಾನಾಗ್ ಬರ್ಲಿಲ್ಲ" ಎಂದನು.

ಆ ಬಿಡಿಸುವ ಕೆಲಸದಲ್ಲಿಯೇ ಟಿ. ಬಿ. ಜಯಚಂದ್ರ ಅವರ ದೀರ್ಘ ರಾಜಕೀಯ ಜೀವನದ ಬಹುಭಾಗ ಸವೆದಿದೆ. ಈಗ ಇಲ್ಲವಾಗಿರುವ ಕಳ್ಳಂಬೆಳ್ಳ ಕ್ಷೇತ್ರವನ್ನೂ ಅನಂತರ ಶಿರಾವನ್ನೂ ಪ್ರತಿನಿಧಿಸಿದ ಇವರು, 2013ರಿಂದ 2018ರವರೆಗಿನ ಮಂತ್ರಿಮಂಡಲದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾಗಿದ್ದರು. ಸಣ್ಣ ನೀರಾವರಿಯೂ ಅವರ ಕೈಗೆ ಬಂದಿತ್ತು. ಹೀಗಿದ್ದೂ 2018ರಲ್ಲಿ ಬಿ. ಸತ್ಯನಾರಾಯಣ ಅವರ ಎದುರು ಸೋತರು. ಸತ್ಯನಾರಾಯಣರ ನಿಧನದಿಂದ 2020ರಲ್ಲಿ ಉಪಚುನಾವಣೆ ಬಂದಾಗ ಇಡೀ ರಾಜ್ಯದ ದೃಷ್ಟಿ ಮದಲೂರು ಎಂಬ ಒಂದು ಕೆರೆಯ ಮೇಲೆ ಬಿದ್ದಿತು; ಅದಕ್ಕೆ ಹೇಮಾವತಿಯನ್ನು ಹರಿಸುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಚಾರಸಭೆಯಲ್ಲಿ ಮಾತು ಕೊಟ್ಟರು. ಆ ಚುನಾವಣೆಯಲ್ಲಿಯೂ ಜಯಚಂದ್ರರು ಸೋತರು. 2023ರಲ್ಲಿ ಶಿರಾವು ಅವರನ್ನು ಮತ್ತೆ ಕಳುಹಿಸಿತು. ಒಂದು ಕೆರೆಯ ಹೆಸರಿನಲ್ಲಿ ಗೆಲ್ಲುವುದು ಸೋಲುವುದು ನಮ್ಮ ಮಲೆನಾಡಿನವರಿಗೆ ವಿಚಿತ್ರವಾಗಿ ತೋರಬಹುದು. ಪಾವಗಡದ ಜಗಲಿಯನ್ನು ನೋಡಿ ಬಂದ ಮೇಲೆ, ಇದಕ್ಕಿಂತ ಗಂಭೀರವಾದ ಚುನಾವಣಾ ವಿಷಯ ಬೇರೊಂದುಂಟೆಂದು ನನಗೆ ತೋರಲಿಲ್ಲ.

ಹಿಂದಿರುಗುವ ಮುನ್ನ ಕಗ್ಗಲಡುವಿಗೆ ಹೋದೆನು. ಊರೊಳಗಿನ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ, ಮನೆಗಳ ಮಾಡಿನ ಮೇಲೆಯೇ ಮರಿಗಳಿಗೆ ಗುಟುಕು ಕೊಡುತ್ತವೆ. ಅವುಗಳಿಗೆ ತೊಂದರೆಯಾಗಬಾರದೆಂದು ಜನರು ಆ ಮರಗಳ ಹುಣಿಸೆಹಣ್ಣಿನ ಆಸೆಯನ್ನೇ ಬಿಟ್ಟಿದ್ದಾರೆ. ಸುತ್ತಲಿನ ಕೆರೆಗಳಲ್ಲಿ ನೀರಿದ್ದರೆ ಹಕ್ಕಿಗಳು ಹೆಚ್ಚು, ಇಲ್ಲದಿದ್ದರೆ ಕಡಿಮೆ. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ಹಿಕ್ಕೆಯನ್ನು ಬುಟ್ಟಿಗೆ ತುಂಬುತ್ತ, ಇದು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಸಂತೋಷದಿಂದ ಹೇಳಿದಳು.

ಊರಿಗೆ ಬಂದ ಮೇಲೆ ನನ್ನನ್ನು ಬಿಡದೆ ಕಾಡಿದ ವಿಚಾರವಿದು. ಸಕಲೇಶಪುರದ ಪ್ರತಿನಿಧಿಯೂ ಶಿರಾದ ಪ್ರತಿನಿಧಿಯೂ ಕೊರಟಗೆರೆ ಪಾವಗಡಗಳ ಪ್ರತಿನಿಧಿಗಳೂ ಒಂದೇ ಸೂರಿನ ಕೆಳಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕುಳಿತುಕೊಳ್ಳುವ ಸ್ಥಳ ಈ ನಾಡಿನಲ್ಲಿ ಒಂದೇ ಒಂದು. ನಮ್ಮ ಕಾಡಿನ ದುಃಖವನ್ನು ಆ ತಾಯಿಯ ಹಲ್ಲಿನ ಗೆರೆಯೊಡನೆ ತೂಗಿ ನೋಡುವ ಅಧಿಕಾರವೂ ಹೊಣೆಯೂ ಇರುವುದು ಅಲ್ಲಿ. ಪ್ರತಿನಿಧಿಯನ್ನು ನೀರು ತರುವವನೆಂದು ಮಾತ್ರ ಎಣಿಸಿದರೆ, ಎಲ್ಲಿಂದ, ಯಾರನ್ನು ಕೇಳಿ, ಏನನ್ನು ಕಳೆದು ಎಂಬ ಮಾತು ಏಳುವುದೇ ಇಲ್ಲ. ಆ ಮಾತು ಎದ್ದಿದ್ದರೆ ತಲಪರಿಗೆಗಳೂ ದೊಣೆಗಳೂ ನೀರುಗಂಟಿಗಳೂ ಚರ್ಚೆಯೊಳಗೆ ಬರುತ್ತಿದ್ದುವೇನೋ. ಮೂರು ನಾಲ್ಕು ದಶಕಗಳ ಶಾಸಕತ್ವದ ನಿಜವಾದ ಲೆಕ್ಕವು ಗೆದ್ದ ವರ್ಷಗಳಲ್ಲಿಯಾಗಲಿ ವಹಿಸಿದ ಖಾತೆಗಳಲ್ಲಿಯಾಗಲಿ ಸಿಗದೆ, ಆ ನಡವಳಿಯ ಸಂಪುಟಗಳಲ್ಲಿ ಸಿಗಬೇಕೆಂದು ನನಗೆ ದೃಢವಾಯಿತು. ಪ್ರತಿಯೊಂದು ತಾಲ್ಲೂಕಿನ ಗ್ರಂಥಾಲಯದಲ್ಲಿಯೂ ಅವು ಇರಬೇಕು.

ಇದನ್ನೆಲ್ಲ ಬರೆದು ಮಧುಗಿರಿಯ ಮೇಷ್ಟ್ರಿಗೆ ಕಾಗದ ಹಾಕಿದೆನು. ಬೆಂಗಳೂರಿಗೆ ಹೋಗಿ ಸಂಪುಟಗಳನ್ನು ನೋಡುವವನಿದ್ದೇನೆಂದೂ ತಿಳಿಸಿದೆನು. ಅವರು ಮರುಕಾಗದ ಬರೆಯದೆ ಫೋನ್ ಮಾಡಿದರು. "ಮೊದಲು ಅಂತರ್ಜಲದ ಮಸೂದೆ ಬಂದ ದಿನ ನೋಡಿ. ಆಮೇಲೆ ಎತ್ತಿನಹೊಳೆ. ನಮ್ಮವರು ಏನು ಹೇಳಿದರು, ನಿಮ್ಮ ಸಕಲೇಶಪುರದವರು ಏನು ಹೇಳಿದರು, ಎರಡನ್ನೂ ಬರೆದುಕೊಂಡು ಬನ್ನಿ, ಒಂದನ್ನೇ ತರಬೇಡಿ. ಪುಟದ ಸಂಖ್ಯೆ ಮರೀಬೇಡಿ."